ಲ್ಯಾಪ್‌ಟಾಪಿನ ಷಡ್ಡಕರು

ಆ ಭಾನುವಾರ ಬೆಳಗ್ಗೆ ನಾನು ಹಾಲು ಕಾಯಿಸಿ ಇಳಿಸಿ, ಮೊಳಕೆ ಬಂದ ಮಡಕಿಕಾಳು ತೊಳೆದು ಬಸಿಯಲಿಟ್ಟು, ಹಿತ್ತಲಿನಲ್ಲಿ ಯಜಮಾನರ ಅಂಗಿಯ ಕಾಲರಿಗೆ ಬ್ರಷ್ ಹಾಕುತ್ತಿದ್ದೆ. ಅಂದು ನಳ ಬರುವ ದಿನ. ಗೋಕಾಕದ ನಮ್ಮ ಓಣಿಯಲ್ಲಿ ನಳ ಬರುವ ದಿನ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಎಲ್ಲರೂ ನಳದ ಜೊತೆಗೇ ಮಾತಾಡುತ್ತಾರೆ. “ಏನ್ ಹನಿ ಹನಿ ಅಳ್ತಿಯೋ, ಒಮ್ಮೆ ಅತ್ತ ಮುಗಸು,” ಎಂದು ಎದುರು ಮನೆಯ ಗಂಗಕ್ಕ ತನ್ನ ನಳವನ್ನು ಗದರಿಸುವುದು ಹಿತ್ತಲಿನವರೆಗೂ ಕೇಳುತ್ತಿತ್ತು.

ಅಷ್ಟರಲ್ಲಿ ಬಾಜೂ ಮನೆಯ ಕಾಂಪೌಂಡಿನ ಮೇಲೆ ಒಂದು ಕರಿಯ ಚೀಲ ಮೂಡಿತು. ಚೀಲದ ಹಿಂದೆ ಆ ಮನೆಯ ಹಿರಿಯಾಕೆ, ಓಣಿಗೆಲ್ಲ ಕಾಕು ಆದವರ ಕನ್ನಡಕ ಮೂಡಿತು.

“ಕಾನ್ವೆಂಟ್, ಕೈ ಒರಸ್ಕೊ. ಇದನ್ನ ಹಿಡಿ. ಹಸಿ ಕೂಸು ಹಿಡದಂಗ ಹಿಡಿ, ತಲಿ ಸಂಬಾಳಸು.”

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳೆಂದು ಕಾಕು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಚೀಲದೊಳಗಿದ್ದ ಕೂಸು ಅವರ ಹೊಸ ಲ್ಯಾಪ್‌ಟಾಪು.

“ಮುಂದಿನ ಬಾಗಿಲದಿಂದ ಯಾಕ ತರಲಿಲ್ಲ ಕಾಕು?”

“ಕಟ್ಟಿ ಮ್ಯಾಲ ದಾದಾ ಪೇಪರ್ ಹಿಡಕೊಂಡ ಕುಂತಾನ. ನಿನ್ನಿ ಹೇಳಿದ್ದ ಮತ್ತ ಹೇಳ್ತಾನ. ಒಮ್ಮೆ ಕೇಳೇನಿ, ಸಾಕಾತು.”

ದಾದಾ ಎಂದರೆ ಕಾಕುವಿನ ಹಿರಿಯ ಮಗ, ಪೇಟೆಯಲ್ಲಿ ಬಟ್ಟೆ ಅಂಗಡಿಯವರು. ನಿನ್ನೆ ಅವರು ಹೇಳಿದ್ದನ್ನು ಕಾಂಪೌಂಡಿನ ಈಚೆಯಿಂದ ನಾನೂ ಕೇಳಿದ್ದೆ. ಕೆಲವು ವಾರಗಳಿಂದ ಲ್ಯಾಪ್‌ಟಾಪು ಕೆಲಸದ ನಡುವೆ ತನ್ನಷ್ಟಕ್ಕೆ ತಾನೇ ಕಣ್ಣು ಮುಚ್ಚಿಬಿಡುತ್ತಿತ್ತು. “ಆಯಿ, ನಾಳಿ ಮೂಡಲಗಿಗೆ ಒಯ್ಯಿ. ನಿನ್ನ ಆ ಮಂದಿ ರಿಪೇರಿ ಮಾಡಿದ್ರ ಮಾಡ್ಲಿ. ಇಲ್ಲಂದ್ರ ಸೋಮವಾರ ಬೆಳಗಾವಿ ಅಂಗಡಿಗೆ ವಾಪಸ್. ಆಮ್ಯಾಲ ಈ ಬಸ್ಸಿನ ತಿರಗಾಟಾನೂ ಬಂದ್!”

ಆ ಮಾತು ಕಾಕುವಿಗೆ ತಾಗಿತ್ತು.

ಇದೆಲ್ಲ ನಡೆದದ್ದು ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲೋ ಐದರಲ್ಲೋ ಇರಬೇಕು. ಈಗ ಕಾಕು ಇಲ್ಲ. ಅವರು ತೀರಿಕೊಂಡ ಮೇಲೆ ಬಸದಿಯ ಸಭಾಗೃಹದಲ್ಲಿ ನಾಲ್ಕು ಮಾತು ಹೇಳಿರೆಂದು ನನಗೂ ಮೈಕು ಕೊಟ್ಟಿದ್ದರು. ನನಗಿಂತ ಮೊದಲು ಮಾತಾಡಿದವರೆಲ್ಲ ಕಾಕು ಕೂಡಿಸಿದ ಲಗ್ನಗಳ ಬಗ್ಗೆ, ಅವರ ವ್ರತನಿಯಮಗಳ ಬಗ್ಗೆ ಹೇಳಿ ಕಣ್ಣೊರೆಸಿಕೊಂಡಿದ್ದರು. ನನಗೆ ನೆನಪಾಗಿದ್ದು ಲ್ಯಾಪ್‌ಟಾಪು. ಅಂಥ ಸಭೆಯಲ್ಲಿ ನಗು ಬಂದೀತೆಂದು ಹೆದರಿ, ಗಂಟಲು ಕಟ್ಟಿದೆಯೆಂದು ಕೈಸನ್ನೆ ಮಾಡಿ ಮೈಕು ತಿರುಗಿ ಕೊಟ್ಟೆ. ಜನ ನನಗೆ ದುಃಖ ಉಕ್ಕಿದೆ ಎಂದುಕೊಂಡರು. ಅದೂ ಸುಳ್ಳಲ್ಲ.

ಕಾಕು ತೆಳ್ಳಗೆ, ಉದ್ದಕ್ಕೆ, ನಡೆಯುವಾಗ ಸ್ವಲ್ಪ ಮುಂದಕ್ಕೆ ಬಾಗಿ, ಯಾವಾಗಲೂ ಯಾರದೋ ಮನೆಯ ಹೊಸ್ತಿಲು ದಾಟುತ್ತಿರುವವರ ಹಾಗೆ ಕಾಣುತ್ತಿದ್ದರು. ಮಗನ ಅಂಗಡಿಯಲ್ಲಿ ಅಚ್ಚು ತಪ್ಪಿದ, ಅಂಚು ಸೊಟ್ಟಾದ ಸೀರೆಗಳಿಗೆ ಗಿರಾಕಿ ಅವರೊಬ್ಬರೇ. “ಮಂದಿ ಮಾರಿ ನೋಡ್ತಾರ, ಅಂಚ ಯಾರ ನೋಡ್ತಾರ,” ಎನ್ನುತ್ತಿದ್ದರು. ತಾವು ಮಾತ್ರ ಎಲ್ಲರ ಅಂಚನ್ನೂ ನೋಡುತ್ತಿದ್ದರು. ನೋಡುವುದು ಅವರ ಕಸುಬು. ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಜೈನ ಮನೆತನಗಳ ಗಂಡು-ಹೆಣ್ಣು ಕೂಡಿಸುವುದನ್ನು ಗಂಡ ಇರುವಾಗಿನಿಂದ ಮಾಡಿಕೊಂಡು ಬಂದವರು. ಅದಕ್ಕೆ ಒಂದು ಸೀರೆಯನ್ನೂ ಮುಟ್ಟುತ್ತಿರಲಿಲ್ಲ. ಅಕ್ಕಿಕಾಳು ಹಾಕುವಾಗ ಮಂಟಪದ ಮೆಟ್ಟಿಲ ಹತ್ತಿರ ತಮಗೊಂದು ಜಾಗ ಸಿಕ್ಕರೆ ಸಾಕು. ಹೊಸದಾಗಿ ಮದುವೆಯಾದಾಗ ನನಗೂ ಒಮ್ಮೆ ತಮ್ಮ ವಿದ್ಯೆ ಹೇಳಿಕೊಟ್ಟಿದ್ದರು: “ವರ ನೋಡಾಕ ಹೋದಾಗ ವರನ್ನ ನೋಡಬಾರದು. ಅವತ್ತ ಅವ ಹೆಂಗೂ ತಲಿ ಬಾಚಿರ್ತಾನ. ಬಚ್ಚಲಮನಿ ನೋಡಬೇಕು.”

ಹೀಗೆ ಕಾಕು ನೋಡಿದ ಬಚ್ಚಲುಮನೆಗಳಿಗೆ ಲೆಕ್ಕವಿಲ್ಲ. ಮೊದಲು ವರ-ಕನ್ಯೆಯರ ಫೋಟೋಗಳು ಒಂದು ಬಟ್ಟೆಚೀಲದಲ್ಲಿರುತ್ತಿದ್ದವು. ಆಮೇಲೆ ದಾದಾನ ಅಂಗಡಿಯಲ್ಲಿ ಹಳತಾದ ದೊಡ್ಡ ಕಂಪ್ಯೂಟರು ಮನೆಗೆ ಬಂತು. ಅದನ್ನು ದಾಸ್ತಾನು ಕೋಣೆಯಲ್ಲಿ, ಉಪ್ಪಿನಕಾಯಿ ಭರಣಿಗಳ ಪಕ್ಕ, ಕ್ರೋಶಾದ ಮುಸುಕು ಹಾಕಿ ಕೂರಿಸಿದರು. ಕಾಕು ಅದರ ಮುಂದೆ ದಿನಾ ಕುಳಿತು, ಫೋಟೋ ಸ್ಟುಡಿಯೋದವರು ತುಂಬಿಕೊಟ್ಟ ಸೀಡಿ ಹಾಕಿ, ಒಂದೇ ಬೆರಳಿನಿಂದ ಇಡೀ ತಾಲೂಕಿನ ಲಗ್ನಕ್ಕೆ ಬಂದ ಮಕ್ಕಳನ್ನು ಅದರೊಳಕ್ಕೆ ಸೇರಿಸಿದರು.

ಹೊಸ ಲ್ಯಾಪ್‌ಟಾಪನ್ನು ದಾದಾ ತಂದದ್ದು ಒಳ್ಳೆಯ ಉದ್ದೇಶದಿಂದಲೇ. ಕಾಕುವಿನ ಮೊಣಕಾಲು ನೋಯುತ್ತಿತ್ತು. ಬಸ್ಸಿನ ಮೆಟ್ಟಿಲು ಎತ್ತರ. ಎಲ್ಲರ ಫೋಟೋ, ಜಾತಕ ಒಂದೇ ಕಡೆ ಇದ್ದರೆ ತಾಯಿ ಕುಂತಲ್ಲೇ ಕುಂತು, ಫೋನು ಹಚ್ಚಿ, ಸೋಯರಿಕೆ ಕುದುರಿಸುತ್ತಾಳೆ, ಊರೂರು ಅಲೆಯುವುದು ನಿಲ್ಲುತ್ತದೆ ಎಂದು ಅವರ ಲೆಕ್ಕ. ಆ ಲೆಕ್ಕ ಹೇಗೆ ತಲೆಕೆಳಗಾಯಿತೆಂಬುದೇ ಈ ಕಥೆ.

ಬಂದ ದಿನ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ, ಅದನ್ನು ಹಳೆಯ ಕಂಪ್ಯೂಟರಿನ ಮಗ್ಗುಲಿಗೆ ಇಟ್ಟರು. ಹಳೆಯದನ್ನು ಇನ್ನು ಗುಜರಿಗೆ ಹಾಕೋಣವೆಂದು ದಾದಾ ಅಂದರೆ, “ಹೊಸಾಕಿ ಬಂದ ದಿನಾನ ಹಳಿಯಾಕಿನ್ನ ಹೊರಗ ಹಾಕ್ತಾರೇನು? ಒಂದೀಟ ದಿನಾ ಕೂಡಿ ಇರ್ಲಿ. ಮನಿ ಪದ್ಧತಿ ಇಕಿಗೂ ಗೊತ್ತಾಗ್ಲಿ,” ಎಂದರು. ಸೀಡಿಯಿಂದ ಸೀಡಿಗೆ ವರರೂ ಕನ್ಯೆಯರೂ ಹಳೆಯದರಿಂದ ಹೊಸದಕ್ಕೆ ದಾಟುವ ತನಕ ಎರಡೂ ಯಂತ್ರಗಳು ಅಕ್ಕಪಕ್ಕದಲ್ಲಿ ಬಾಳಿದವು. ಹೊಸದಕ್ಕೆ ಮೌಸು ಇಲ್ಲದ್ದು ಕಾಕುವಿಗೆ ಬಹಳ ದಿನ ಹಿಡಿಸಲಿಲ್ಲ. ಮೌಸಿನ ಬದಲಿಗಿದ್ದ ನುಣುಪು ಚೌಕದ ಮೇಲೆ ಬೆರಳಾಡಿಸುವ ಮೊದಲು ಪ್ರತಿಸಲ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಯಾರದೋ ಹಣೆಗೆ ಗಂಧ ಹಚ್ಚುವ ಹಾಗೆ ಮೆಲ್ಲಗೆ ಮುಟ್ಟುತ್ತಿದ್ದರು.

ಪರದೆಯ ಮೇಲೆ ಇಂಗ್ಲಿಷ್ ಬಂದಾಗ ಕಾಂಪೌಂಡಿನ ಮೇಲಿಂದ ನನಗೆ ಕರೆ ಬರುತ್ತಿತ್ತು. ಯಾವುದಾದರೂ ಕೆಟ್ಟು ನಿಂತಾಗ, ಹೀಗೆ ಹೀಗೆ ತೊಂದರೆಯಾಗಿದೆ, ಕಂಪನಿಗೆ ವರದಿ ಕಳಿಸಲೇ ಬೇಡವೇ ಎಂದು ಅದು ಕೇಳುತ್ತಿತ್ತು.

“ಏನಂತಾಳ?”

“ತೊಂದರೆ ಆಗೇದಂತ, ಕಂಪನಿಗೆ ತಿಳಸಲೇನು ಅಂತ ಕೇಳ್ತದ ಕಾಕು.”

“ಬ್ಯಾಡ ಅನ್ನು. ನಮ್ಮ ಮನ್ಯಾಗಿನ ಮಾತು ನಮ್ಮ ಮನ್ಯಾಗ ಇರ್ಲಿ. ಬಂದ ನಾಕ ದಿನಾ ಆಗಿಲ್ಲ, ತವರಮನಿಗೆ ಚಾಡಿ ಹೇಳಾಕತ್ತಾಳ!”

ಈ ತವರುಮನೆಯ ಲೆಕ್ಕ ಅವರ ತಲೆಯಲ್ಲಿ ಗಟ್ಟಿಯಾಗಿತ್ತು. ಬೆಳಗಾವಿಯ ಅಂಗಡಿಯವನು ದಾದಾನಿಗೆ ಮಾತಿಗೆ ಮಾತು ಬಂದು ಹೇಳಿದ್ದನಂತೆ, ಇದೇ ನಮೂನೆಯದನ್ನು ನಿಮ್ಮ ಕಡೆಯವರೇ ಇನ್ನಿಬ್ಬರು ಒಯ್ದಿದ್ದಾರೆ, ಮೂಡಲಗಿಯ ಹೈಸ್ಕೂಲಿನ ಒಬ್ಬ ಮಾಸ್ತರು, ಹುಕ್ಕೇರಿಯ ಒಬ್ಬ ವಕೀಲರು ಎಂದು. ಬೇರೆ ಯಾರಾದರೂ ಆಗಿದ್ದರೆ ಹೌದಾ ಎಂದು ಸುಮ್ಮನಾಗುತ್ತಿದ್ದರು. ಕಾಕು ಸುಮ್ಮನಾಗಲಿಲ್ಲ. ಒಂದೇ ಮನೆಯಿಂದ ಮೂರು ಹೆಣ್ಣು ನಮ್ಮ ಸೀಮೆಗೆ ಬಂದಾವ, ಒಬ್ಬರಿಗೊಬ್ಬರ ಗುರುತಿಲ್ಲ ಅಂದ್ರ ಏನ ಚಂದ, ಎಂದು ಮುಂದಿನ ಭಾನುವಾರವೇ ನನ್ನನ್ನು ಹೊರಡಿಸಿದರು.

ಮೂಡಲಗಿಯಲ್ಲಿ ಮಾಸ್ತರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಆಮೇಲೆ. ಕಾಕು ಯಾರೆಂದು ಆ ಸೀಮೆಗೆಲ್ಲ ಗೊತ್ತು. ಸೋಯರಿಕೆಯ ಕಾಕು ಬಂದಿದ್ದಾರೆಂದು ಕಂಡದ್ದೇ ತಡ, ಮಾಸ್ತರು ಒಳಗೋಡಿ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು, ವಿಭೂತಿ ಹೊಸದಾಗಿ ಹಚ್ಚಿಕೊಂಡು ಬಂದರು. ಅವರ ಹೆಂಡತಿ ಜಮಖಾನೆ ಹಾಸಿದರು. ನೀರು ಬಂತು, ಹಚ್ಚಿದ ಅವಲಕ್ಕಿ ಬಂತು. ಮಾಸ್ತರು ಗಂಟಲು ಸರಿಮಾಡಿಕೊಂಡರು.

“ಆದ್ರ ಕಾಕು, ನಾವು ಲಿಂಗಾಯತರ್ರಿ. ಮ್ಯಾಲ ನಮ್ಮ ಹುಡಿಗಿ ಇನ್ನಾ ಏಳನೇ ಈಯತ್ತೆ.”

“ನಿಮ್ಮ ಹುಡಿಗಿನ್ನ ಯಾರ ಕೇಳ್ಯಾರ್ರಿ ಮಾಸ್ತರ?” ಎಂದರು ಕಾಕು, ಮಡಿಲಲ್ಲಿನ ಚೀಲ ಬಿಚ್ಚುತ್ತ. “ನಾ ನಿಮ್ಮ ಲ್ಯಾಪ್‌ಟಾಪ್ ನೋಡಾಕ ಬಂದೇನಿ. ಇಕಿ ತಂಗಿ ಅದಾಳಂತಲ್ಲ ನಿಮ್ಮ ಮನ್ಯಾಗ, ಕರೀರಿ ಹೊರಗ.”

ಮಾಸ್ತರು ನಕ್ಕ ನಗೆಗೆ ಹೊರಗಿನ ಎಮ್ಮೆ ಎದ್ದು ನಿಂತಿತು.

ಮುಂದಿನ ಸಲ ಮಾಸ್ತರನ್ನೂ ಕರೆದುಕೊಂಡು ಹುಕ್ಕೇರಿಗೆ ಹೋದೆವು. ವಕೀಲರು ದಪ್ಪನೆಯ ಮೀಸೆಯ ಗಂಭೀರ ಮನುಷ್ಯ. ಮನೆಯಲ್ಲಿ ಚಹಾ ಕೇಳುವಾಗಲೂ ಎದುರು ಪಕ್ಷದವರಿಗೆ ನೋಟಿಸು ಕೊಡುವ ಹಾಗೆ ಕೇಳುತ್ತಿದ್ದರು. ಕಾಕು ಮೂರು ಲ್ಯಾಪ್‌ಟಾಪನ್ನೂ ಸಾಲಾಗಿ ಇಡಿಸಿ, ಮೂರಕ್ಕೂ ಕುಂಕುಮ ಹಚ್ಚಿ, ಗಂಡಸರಿಬ್ಬರ ಕಡೆ ತಿರುಗಿದರು. “ಅಕ್ಕ-ತಂಗ್ಯಾರನ್ನ ತಂದವರು ನೀವು. ಇವತ್ತಿಂದ ನೀವಿಬ್ರೂ ಷಡ್ಡಕರು. ನಾ ಸೊಸಿ ತಂದಾಕಿ, ನಾ ಬೀಗತಿ.” ವಕೀಲರು ಒಂದು ಕ್ಷಣ ಯೋಚಿಸಿ, ಮೀಸೆಯ ಒಂದು ತುದಿಯನ್ನಷ್ಟೇ ನಗಿಸಿ, ಮಾಸ್ತರಿಗೆ ಕೈ ಮುಗಿದರು: “ನಮಸ್ಕಾರ್ರಿ ಷಡ್ಡಕ್‌ಸಾಹೇಬ್ರ.”

ಹೀಗೆ ಆ ಬಳಗ ಹುಟ್ಟಿತು. ಹದಿನೈದು ದಿನಕ್ಕೊಮ್ಮೆ ಭಾನುವಾರ, ಒಂದು ಸಲ ಮೂಡಲಗಿ, ಒಂದು ಸಲ ಹುಕ್ಕೇರಿ, ಒಂದು ಸಲ ಗೋಕಾಕ. ಮಾಸ್ತರು ಕನ್ನಡದಲ್ಲಿ ಬೆರಳಚ್ಚು ಮಾಡುವುದನ್ನು ಎಲ್ಲರಿಗೂ ಕಲಿಸಿದರು. ಕಲಿಸುವಾಗ ಕೈಯಲ್ಲಿ ಹಲಗೆಗೆ ಬರೆಯುವ ಖಡು ಇಲ್ಲದಿದ್ದರೂ ಗಾಳಿಯಲ್ಲಿ ಬರೆದು ತೋರಿಸಿ, ಆಮೇಲೆ ಅಂಗೈಯಿಂದ ಗಾಳಿಯನ್ನೇ ಒರೆಸುತ್ತಿದ್ದರು. ವಕೀಲರು ಬ್ಯಾಟರಿ ಉಳಿಸುವ ಉಪಾಯ ಹೇಳಿದರು. ನಾನು ಇಂಗ್ಲಿಷ್ ಓದುತ್ತಿದ್ದೆ. ಕಾಕು ಬುತ್ತಿ ತರುತ್ತಿದ್ದರು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಉಳ್ಳಾಗಡ್ಡಿ-ಬಳ್ಳೊಳ್ಳಿ ಹಾಕದ ಚಟ್ನಿಪುಡಿಗಳು, ಒಂದು ಡಬ್ಬಿ ಉಂಡಿ. ಗೋಕಾಕದಿಂದ ಬಂದವರು ಕರದಂಟು ತರಲಿಲ್ಲವೇ ಎಂದು ವಕೀಲರ ಮನೆಯವರು ಪ್ರತಿಸಲ ಚೀಲ ಇಣುಕುತ್ತಿದ್ದರು. ಕಾಕು ಪ್ರತಿಸಲ, “ಅದು ಪರಊರವರಿಗೆ, ಬೀಗರಿಗೆ ಅಲ್ಲ,” ಎನ್ನುತ್ತಿದ್ದರು.

ತಾಯಿಯ ತಿರುಗಾಟ ನಿಲ್ಲಿಸಲೆಂದು ತಂದ ಯಂತ್ರ ತಾಯಿಯನ್ನು ಮೊದಲಿಗಿಂತ ಹೆಚ್ಚು ತಿರುಗಿಸತೊಡಗಿದ್ದನ್ನು ದಾದಾ ನೋಡಿದರು. ಏನೂ ಅನ್ನುವಂತಿರಲಿಲ್ಲ. ಕಾಕು ಸುಖವಾಗಿದ್ದರು. ಗಂಡ ಹೋದ ಮೇಲೆ ಬಸದಿ, ಮನೆ, ಅವರಿವರ ಲಗ್ನ ಇಷ್ಟೇ ಆಗಿದ್ದ ಅವರಿಗೆ, ಲಗ್ನದ ಮಾತಿಲ್ಲದೆ ತಾವಾಗಿಯೇ ಗಳಿಸಿದ ಬಳಗವೆಂದರೆ ಅದೊಂದೇ. ಶನಿವಾರ ಸಂಜೆಯೇ ಅವರ ದನಿ ಎತ್ತರವಾಗುತ್ತಿತ್ತು.

ಲ್ಯಾಪ್‌ಟಾಪಿಗೆ ತಲೆಸುತ್ತು, ಕಾಕುವಿನ ಮಾತಿನಲ್ಲಿ ಚಕ್ಕರು, ಬರಲು ಶುರುವಾದದ್ದು ಮಳೆಗಾಲ ಹಿಡಿದ ಮೇಲೆ. ಈಗ ಯೋಚಿಸಿದರೆ, ಅದು ಶುರುವಾದದ್ದು ಮಲ್‌ಮಲ್ ಬಟ್ಟೆಯಿಂದ. ಆದರೆ ಆಗ ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ.

ಕಾಕು ದೀಪ ಹಚ್ಚುವ ಹೊತ್ತಿಗೆ ಲ್ಯಾಪ್‌ಟಾಪು ಮುಚ್ಚಿಬಿಡುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ. ಪರದೆಯ ಬೆಳಕಿಗೆ ಹುಳು ಬಂದು ಮುತ್ತುವುದು, ಒರೆಸುವಾಗ ಸಾಯುವುದು ಅವರಿಗೆ ಆಗದು. ಹೀಗಿರುವಾಗ ಒಂದು ದಿನ ಯಂತ್ರದ ಅಡಿಯಲ್ಲೂ ಪಕ್ಕದಲ್ಲೂ ಸಣ್ಣ ಸಣ್ಣ ಕಿಂಡಿಗಳಿರುವುದನ್ನೂ, ಒಳಗೊಂದು ಫ್ಯಾನು ತಿರುಗುವುದನ್ನೂ ಮಾಸ್ತರು ಗಾಳಿಯಲ್ಲಿ ಬರೆದು ತೋರಿಸಿದರು. ಕಾಕುವಿನ ಮುಖ ಸಣ್ಣದಾಯಿತು. ಆ ಕಿಂಡಿಯೊಳಗೆ ಒಂದು ಇರುವೆಯೋ ಗುಂಗಾಡವೋ ಹೊಕ್ಕರೆ? ಮನೆಗೆ ಬಂದವರೇ ಮಗನ ಅಂಗಡಿಯಿಂದ ಬಿಳಿ ಮಲ್‌ಮಲ್ ಹರಿಸಿ ತಂದು, ನೀರು ಸೋಸುವ ಬಟ್ಟೆಯ ಹಾಗೆ ಎರಡು ಪದರು ಮಾಡಿ, ಅಂಚು ಹೊಲಿದು, ಲಾಡಿ ಹಚ್ಚಿ, ಲ್ಯಾಪ್‌ಟಾಪಿನ ಹೊಟ್ಟೆಗೆ ಸುತ್ತಿ ಕಟ್ಟಿದರು. ಮುಂದಿನ ಸಲ ಕೂಡಿದಾಗ ಷಡ್ಡಕರಿಗೂ ಅರಿಷಿಣ-ಕುಂಕುಮದೊಂದಿಗೆ ಒಂದೊಂದು. ಬೀಗತಿ ಕೊಟ್ಟ ಬಟ್ಟೆಯನ್ನು ಬೇಡವೆನ್ನುವುದುಂಟೇ? ವಕೀಲರು ಕಣ್ಣಿಗೊತ್ತಿಕೊಂಡು ಕಟ್ಟಿದರು.

ಆ ಭಾನುವಾರಕ್ಕೆ ಮರಳುತ್ತೇನೆ.

ಬಸ್ಸು ಕಲ್ಲೋಳಿ ದಾಟಿತು. ಕಾಕು ಚೀಲವನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದರು. ಮುಂದಿನ ಸೀಟಿನ ಹೆಂಗಸು ತಿರುಗಿ, “ಆಯಿ, ಅದರಾಗ ಏನೈತ್ರಿ ಅಷ್ಟ ಜ್ವಾಕಿಲೆ ಹಿಡದೀರಿ?” ಎಂದು ಕೇಳಿದಳು.

“ಹುಡುಗೋರ ಅದಾರವಾ. ಭಾಳ ಮಂದಿ ಅದಾರ. ಯಾಕ, ನಿಮ್ಮ ಮನ್ಯಾಗ ಲಗ್ನದ ಹೆಣ್ಣೈತೇನು?”

ಆ ಹೆಂಗಸು ಮುಂದಕ್ಕೆ ತಿರುಗಿದವಳು ಮತ್ತೆ ಹಿಂದೆ ನೋಡಲಿಲ್ಲ. ಕಾಕು ಮಾತ್ರ ಚೀಲದ ಮೇಲೆ ಕೈಯಾಡಿಸುತ್ತ ನನ್ನ ಕಿವಿಯಲ್ಲಿ ಹೇಳಿದರು: “ಇದನ್ನ ವಾಪಸ್ ಕೊಟ್ರ ಕೊಡ್ಲಿ ಕಾನ್ವೆಂಟ್. ಫೋಟೋಕ್ಕೇನು, ಮತ್ತ ಚೀಲದಾಗ ಹಾಕ್ಕೊಂಡೇನು. ಆದ್ರ ಬರೇ ಕೈಲೆ ನಾ ಮೂಡಲಗಿಗೆ ಏನಂತ ಬರ್ಲಿ? ಹುಕ್ಕೇರಿ ವಕೀಲರ ಮನಿಗೆ ಏನಂತ ಹೋಗ್ಲಿ?”

ಮಾಸ್ತರ ಮನೆಯಲ್ಲಿ ವಕೀಲರು ಆಗಲೇ ಬಂದಿದ್ದರು. ಕೊಣ್ಣೂರಿನ ಮೇಲೆ ಹಾಯ್ದು ಮೋಟಾರ್‌ಸೈಕಲ್ಲಿನಲ್ಲಿ ಬಂದದ್ದಕ್ಕೆ ಮೀಸೆಯ ಮೇಲೆ ಕೆಸರಿನ ಹನಿಗಳಿದ್ದವು. ಅಂದು ಯಾಕೋ ಇಬ್ಬರೂ ತಮ್ಮ ತಮ್ಮ ಚೀಲಗಳನ್ನು ಬಿಚ್ಚದೆ ಮಳೆ, ಕಬ್ಬು ಎಂದು ಮಾತಾಡುತ್ತಿದ್ದರು. ಕಾಕುವೇ ಬಾಯಿ ಬಿಟ್ಟರು.

“ಮುಚ್ಚಿಟ್ಟ ಏನ ಮಾಡ್ಲಿ? ನಮ್ಮಾಕಿಗೆ ಚಕ್ಕರ್ ಬರಾಕತ್ತೈತ್ರಿ. ಮಾತಾಡ್ಕೋತ ಮಾತಾಡ್ಕೋತ ಎಚ್ಚರ ತಪ್ತಾಳ. ಇವತ್ತ ನೀವು ನೆಟ್ಟಗ ಮಾಡಿ ಕೊಡ್ಲಿಲ್ಲಂದ್ರ ದಾದಾ ನಾಳಿ ತವರಮನಿಗೆ ಕಳಸಾಂವ ಅದಾನ.”

ಮಾಸ್ತರು ವಕೀಲರನ್ನು ನೋಡಿದರು. ವಕೀಲರು ಮಾಡಿನ ಜಂತಿ ನೋಡಿದರು.

“ನಮ್ಮಾಕಿದೂ ಅದ ಹಣೆಬರಾ ಕಾಕು,” ಎಂದರು ಮಾಸ್ತರು.

“ಯಾವಾಗಿಂದ್ರಿ?”

“ಹೋದ ಸಲ ಕೂಡಿದಾಗಿಂದ. ನಿಮ್ಮ ಸೊಸಿ ಗುಂಡಕಲ್ಲಿನಂಗ ಇದ್ದಾಗ ನಮ್ಮದಕ್ಕ ಜಡ್ಡೈತಿ ಅಂತ ಹೆಂಗ ಹೇಳ್ಲಿ ಅಂತ ಸುಮ್ಮಿದ್ದೆ.”

ಇಬ್ಬರೂ ವಕೀಲರ ಕಡೆ ತಿರುಗಿದರು. “ನನ್ನ ಕಕ್ಷಿದಾರಳ ಬಗ್ಗೆ ನಾ ಏನೂ ಹೇಳೂದಿಲ್ಲ,” ಎಂದರು ವಕೀಲರು. ಮೀಸೆ ಒರೆಸಿಕೊಂಡು ಸೇರಿಸಿದರು: “ದಿನಕ್ಕ ಮೂರ ಸಲ ಬೀಳ್ತಾಳ.”

ಮೂರನ್ನೂ ಜಮಖಾನೆಯ ಮೇಲೆ ಇಟ್ಟು ಚಾಲೂ ಮಾಡಿದರು. ಮೂರೂ ಬಿಳಿ ಪಟ್ಟಿ ಕಟ್ಟಿಕೊಂಡು, ದವಾಖಾನೆಯಿಂದ ಬಂದವರ ಹಾಗೆ ಕುಳಿತವು. ಮೊದಲು ವಕೀಲರದು ಕಣ್ಣು ಮುಚ್ಚಿತು, ಆಮೇಲೆ ಕಾಕುವಿನದು. ಮಾಸ್ತರದು ಇನ್ನೂ ನಿಂತಿದೆ ಎಂದು ಅವರ ಮುಖ ಅರಳುವಷ್ಟರಲ್ಲಿ ಅದೂ ಬಿತ್ತು. ವಿಚಾರಣೆ ಶುರುವಾಯಿತು. ಮೂಡಲಗಿಯ ಕರೆಂಟೇ ಸರಿಯಿಲ್ಲ ಎಂದರು ವಕೀಲರು. ಹುಕ್ಕೇರಿಯ ಕರೆಂಟು ಯಾವ ಊರಿನ ಅರಸ ಎಂದು ಮಾಸ್ತರು ಕೇಳಿದರು. ಮೂರೂ ಒಂದೇ ತಾಯಿಯ ಹೊಟ್ಟೆಯವು, ವಂಶದಲ್ಲೇ ಇರಬೇಕು ಎಂದರು ಕಾಕು. ಸೋಯರಿಕೆ ಮಾಡುವವರ ಬಾಯಲ್ಲಿ ಇದಕ್ಕಿಂತ ದೊಡ್ಡ ತೀರ್ಪಿಲ್ಲ.

ಮಾಸ್ತರ ಹೆಂಡತಿ ನೀರಿನ ತಂಬಿಗೆ ತಂದರು. ಬಗ್ಗಿ ಇಡುವಾಗ ಕೈ ಕಾಕುವಿನ ಲ್ಯಾಪ್‌ಟಾಪಿಗೆ ತಾಗಿತು.

“ಅಯ್ಯ ಶಿವನ! ಇದೇನ್ರಿ, ಅರಿಬ್ಯಾಗ ಸುತ್ತಿಟ್ಟ ರೊಟ್ಟಿ ಬುಟ್ಟಿ ಇದ್ದಂಗ ಸುಡಾಕತ್ತೈತಿ?”

ಬಟ್ಟೆ ಸುತ್ತಿದರೆ ರೊಟ್ಟಿ ಬಿಸಿಯಾಗಿಯೇ ಉಳಿಯುತ್ತದೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಮಾಸ್ತರು ತಮ್ಮ ಉಗುರು ನೋಡಿಕೊಂಡರು. ವಕೀಲರು ಮೊದಲ ಸಲ ಎರಡೂ ಕಡೆಯ ವಾದ ಬಿಟ್ಟು ಕುಳಿತರು. ಬೀಗತಿಯ ಮುಖಕ್ಕೆ ಆ ಮಾತು ಹೇಳುವವರು ಯಾರು? ನಾನಂತೂ ಅಲ್ಲ.

ಕಾಕು ತಾವೇ ಕೈ ಚಾಚಿ ಲಾಡಿ ಬಿಚ್ಚಿದರು. ಬೆಚ್ಚಗಿನ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು. “ಉಸರಾಡಾಕ ಬಿಡ್ಲಿಲ್ಲ ನಾ,” ಎಂದರು. ಆಮೇಲೆ ಷಡ್ಡಕರ ಎರಡರ ಲಾಡಿಯನ್ನೂ ತಾವೇ ಬಿಚ್ಚಿದರು.

“ಸುಲಭ ಆತಲ್ರಿ ಕಾಕು! ಕಾರಣ ಸಿಕ್ತು, ರಿಪೇರಿ ಆತು,” ಎಂದು ಮಾಸ್ತರು ಹುಮ್ಮಸ್ಸಿನಿಂದ ಎದ್ದರು.

“ನಿಮಗ ಆತ್ರಿ ಮಾಸ್ತರ. ನೀವು ಬಿಚ್ಚಿ ಇಟಗೋರಿ, ನಿಮ್ಮ ಧರ್ಮ ನಿಮಗ. ನನಗ ಆಗೂದಿಲ್ಲ. ಎರಡ ಮಂದಿ ಲಗ್ನಾ ಮಾಡಾಕ ಹೋಗಿ ಆ ಫ್ಯಾನಿನ್ಯಾಗ ಒಂದ ಹುಳದ ಜೀವಾ ತಗದ್ರ, ಆ ಲಗ್ನಕ್ಕ ನಾ ಯಾವ ಕೈಲೆ ಅಕ್ಕಿಕಾಳ ಹಾಕ್ಲಿ?” ಎಂದು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದರು. “ದಾದಾ ಒಯ್ದ ಕೊಡ್ಲಿ. ಇರ್ಲಿ ಬಿಡ್ರಿ.”

ಆ “ಇರ್ಲಿ ಬಿಡ್ರಿ” ಎಷ್ಟು ಸಣ್ಣ ದನಿಯಲ್ಲಿ ಬಂತೆಂದರೆ, ವಕೀಲರು ಎದ್ದು ನಿಂತು, “ಕಾಕು, ಇವತ್ತ ತೀರ್ಪ ಬ್ಯಾಡ್ರಿ. ಮುಂದಿನ ತಾರೀಖ ತಗೊಳ್ರಿ,” ಎಂದು ಖರೆಖರೆ ಬೇಡಿಕೊಂಡರು. ಕಾಕು ತಲೆಯಾಡಿಸಿ, ತಮ್ಮ ಬಾಟಲಿಗೆ ನೀರು ಸೋಸಿಕೊಳ್ಳಲೆಂದು ಅಡಿಗೆಮನೆಗೆ ಹೋದರು. ನಾನೂ ಹಿಂದೆ ಹೋದೆ.

ಅಲ್ಲಿ ಮಾಸ್ತರ ಹೆಂಡತಿ ಗೋದಿಹಿಟ್ಟು ಸಾಣಿಸುತ್ತಿದ್ದರು. ಮಳೆಗಾಲದ ಹಿಟ್ಟು, ನುಸಿ ಬಿದ್ದಿತ್ತು. ಸಾಣಿಗೆಯ ಜಾಳಿಗೆಯಿಂದ ಹಿಟ್ಟು ಮಂಜಿನ ಹಾಗೆ ಕೆಳಗಿಳಿಯುತ್ತಿತ್ತು. ಹುಳುಗಳು ಮೇಲೆಯೇ ಉಳಿದು ಗಡಿಬಿಡಿಯಿಂದ ಓಡಾಡುತ್ತಿದ್ದವು. ಆಕೆ ಸಾಣಿಗೆಯನ್ನು ಹಿತ್ತಲ ಬಾಗಿಲಿಗೆ ಒಯ್ದು ಹುಳುಗಳನ್ನು ಮೆಲ್ಲಗೆ ಹೊರಗೆ ಬಿಟ್ಟು ಬಂದರು.

ಕಾಕು ಬಾಟಲಿ ಕೆಳಗಿಟ್ಟರು.

“ಯವ್ವಾ, ಆ ಸಾಣಿಗಿ ಇತ್ತ ಕೊಡ. ಲಟ್ಟಣಿಗಿ ಎರಡ ಅದಾವೇನ ಮನ್ಯಾಗ?”

ಅವರು ಹೊರಗೆ ಬಂದಾಗ ಕೈಯಲ್ಲಿ ಸಾಣಿಗೆ, ಕಂಕುಳಲ್ಲಿ ಎರಡು ಲಟ್ಟಣಿಗೆ. ಜಮಖಾನೆಯ ಮೇಲೆ ಲಟ್ಟಣಿಗೆಗಳನ್ನು ಜೋಡಿಸಿ, ಅವುಗಳ ಮೇಲೆ ಸಾಣಿಗೆಯನ್ನು ಬೋರಲು ಹಾಕಿ, ಜಾಳಿಗೆಯ ಮೇಲೆ ಲ್ಯಾಪ್‌ಟಾಪು ಕೂರಿಸಿದರು. ಮಾಸ್ತರು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ ಅಡಿಯಲ್ಲಿ ಇಣುಕಿದರು. “ಗಾಳಿ ಹೋಗತೈತಿ. ಹುಳಾ ಹೋಗಾಂಗಿಲ್ಲ. ಬಾಜೂ ಕಿಂಡಿ ಗಾಳಿ ಹೊರಗ ಊದತೈತಿ ಕಾಕು, ಅಲ್ಲಿ ಹುಳಾ ಹೋದ್ರೂ ಹಿಂದ ಒಗಿತೈತಿ,” ಎಂದು ಮಲಗಿದಲ್ಲಿಂದಲೇ ಗಾಳಿಯಲ್ಲಿ ಬರೆದರು. ಕಾಕು ಆ ಪಕ್ಕದ ಕಿಂಡಿಯ ಮುಂದೆ ಬಹಳ ಹೊತ್ತು ಅಂಗೈ ಹಿಡಿದು, ಗಾಳಿ ಖರೆಯೇ ಹೊರಗೆ ಬರುತ್ತಿದೆಯೆಂದು ಖಾತ್ರಿ ಮಾಡಿಕೊಂಡರು.

ನಾವೆಲ್ಲ ಊಟಕ್ಕೆ ಕುಳಿತೆವು, ಲ್ಯಾಪ್‌ಟಾಪಿನ ಕಡೆ ಮುಖ ಮಾಡಿ. ಬುತ್ತಿ ಬಿಚ್ಚಿತು, ಹೋಳಿಗೆಯಂಥ ಚಪಾತಿ ಬಂತು, ತಾಟುಗಳು ಎದ್ದವು. ಅದು ಕಣ್ಣು ಮುಚ್ಚಲಿಲ್ಲ. ಒಬ್ಬ ವರನ ಫೋಟೋ ಎಲ್ಲರ ಊಟವನ್ನು ಎವೆಯಿಕ್ಕದೆ ನೋಡುತ್ತಿತ್ತು.

“ಯಾರ್ರಿ ಈ ಹುಡುಗ?” ಎಂದರು ವಕೀಲರು.

“ಇವನ್ನ ಇನ್ನ ನೋಡಾಕ ಹೋಗೂದ ಬ್ಯಾಡ್ರಿ,” ಎಂದರು ಮಾಸ್ತರು. “ಸಾಣಿಗಿ ಮ್ಯಾಲ ಕುಂತ ಪಾಸಾಗ್ಯಾನ.”

ಕಾಕು ನಕ್ಕರು. ಆ ದಿನ ಅವರು ನಕ್ಕದ್ದು ಅದೇ ಮೊದಲು.

ಹೊರಡುವಾಗ ಮಾಸ್ತರ ಹೆಂಡತಿ ಸಾಣಿಗೆಯನ್ನು ಕಾಕುವಿನ ಕೈಗೇ ಕೊಟ್ಟರು. “ಒಯ್ರಿ, ದಾದಾರಿಗೆ ತೋರಸ್ರಿ. ನಾ ಬಾಜೂ ಮನ್ಯಾಗ ಇಸಗೋತೇನಿ. ಲಟ್ಟಣಿಗಿ ಅಷ್ಟ ಬಿಡ್ರಿ, ಚಪಾತಿ ಲಟ್ಟಿಸಬೇಕು.”

ಗೋಕಾಕಕ್ಕೆ ಬಂದಾಗ ಇನ್ನೂ ಬೆಳಕಿತ್ತು. ದಾದಾ ಕಟ್ಟೆಯ ಮೇಲೇ ಇದ್ದರು. ಕಾಕು ತಮ್ಮ ಮನೆಯ ಲಟ್ಟಣಿಗೆ ತರಿಸಿ, ಕಟ್ಟೆಯ ಮೇಲೆಯೇ ಎಲ್ಲ ಜೋಡಿಸಿ, ಲ್ಯಾಪ್‌ಟಾಪು ಚಾಲೂ ಮಾಡಿ, ಮಗನ ಮುಂದೆ ಎರಡೂ ಕೈ ಕಟ್ಟಿ ನಿಂತರು. ದಾದಾ ಮೊದಲು ಸಾಣಿಗೆ ನೋಡಿದರು, ಆಮೇಲೆ ತಾಯಿಯನ್ನು ನೋಡಿದರು. ಕುಳಿತು ಅದರಲ್ಲೇ ಇಟ್ಟಿದ್ದ ಅಂಗಡಿಯ ಲೆಕ್ಕ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ಅದು ಬೀಳಲಿಲ್ಲ. ಅವರ ಮುಖದಲ್ಲಿ ನಿಜವಾದ ಸಂತೋಷ ಮೂಡಿತು.

“ಭಾಳ ಚಲೋ ಆತು ಆಯಿ! ಇನ್ನ ವಾಪಸ್ ಕೊಡೂದ ಬ್ಯಾಡ. ನಾ ಅದ ಬೇಡ್ಕೊಳ್ಳಾಕತ್ತಿದ್ದೆ. ಇನ್ನ ನೀ ಆರಾಮ ಮನ್ಯಾಗ ಕುಂಡ್ರು.”

ಕಾಕು ಕಟ್ಟಿದ ಕೈ ಬಿಟ್ಟರು. “ಬರೂ ಸಲ ಹುಕ್ಕೇರ್ಯಾಗ…”

“ಹುಕ್ಕೇರ್ಯಾಗ ಏನೈತಿ? ಮಶೀನ್ ನೆಟ್ಟಗಾತಲ್ಲ. ಮತ್ತೇನ ಕೆಲಸ ನಿಂದು ಅಲ್ಲಿ? ಮೊಳಕಾಲ ನೋಡ್ಕೊ ಮೊದ್ಲ.”

ಅವರು ಕೆಟ್ಟದಾಗಿ ಹೇಳಿದ್ದಲ್ಲ; ಹೇಳುತ್ತಲೇ ತಾಯಿ ಕೂರಲೆಂದು ಮಣೆ ಸರಿಸಿದರು. ಎಷ್ಟೋ ಮೊಂಡು ತಂದೆಯರನ್ನು, ಹಟಮಾರಿ ಅತ್ತೆಯರನ್ನು ಮಾತಿನಲ್ಲಿ ಸೋಲಿಸಿದ ಕಾಕುವಿನ ಬಾಯಿ ಒಮ್ಮೆ ತೆರೆದು ಮುಚ್ಚಿತು. ಅವರು ಮಣೆಯ ಮೇಲೆ ಕುಳಿತು ಲ್ಯಾಪ್‌ಟಾಪು ಮುಚ್ಚಿದರು. ಹೊತ್ತು ಮುಳುಗುತ್ತಿತ್ತು. ನಾನು ಮಲ್‌ಮಲ್ ಬಟ್ಟೆಯನ್ನು ಸುಮ್ಮನೆ ಮಡಿಸುತ್ತ ನಿಂತೆ. ಅದು ಆಗಲೇ ಮಡಿಚಿಯೇ ಇತ್ತು.

ಮೊಸರಿಗೆ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಂದ ಗಂಗಕ್ಕ ಕಟ್ಟೆಯ ಮೇಲಿನ ಸಾಮಾನು ನೋಡಿ ನಿಂತಳು. “ಇದ್ಯಾವ ಸಾಣಿಗೀರಿ ಕಾಕು? ನಿಮ್ಮದಲ್ಲ ಇದು.”

“ಮೂಡಲಗಿ ಮಾಸ್ತರ ಮನೀದವಾ,” ಎಂದರು ಕಾಕು, ತಲೆಯೆತ್ತದೆ.

ದಾದಾನ ಹೆಂಡತಿ ಒಳಗಿನಿಂದ ತಂದುಕೊಟ್ಟ ಹೆಪ್ಪನ್ನು ಸೆರಗಿನಡಿ ಮುಚ್ಚಿಕೊಂಡು, ಗಂಗಕ್ಕ ಆಗಲೇ ಅರ್ಧ ಓಣಿ ದಾಟಿದ್ದಳು. ಅಲ್ಲಿಂದಲೇ, ಹಿಂದೆ ತಿರುಗದೆ ಹೇಳಿದಳು:

“ಮಂದಿ ಮನಿ ಸಾಣಿಗಿ ಬರೇದ ತಿರಗಿ ಕೊಡಾಕ ಬರೂದಿಲ್ಲ ಮತ್ತ. ಎಲಿ ಹಾಸಿ ಒಂದ ಡಬ್ಬಿ ಉಂಡಿ ಇಟ್ಟ ನೀವ ಹೋಗಿ ಕೊಟ್ಟ ಬರ್ರಿ. ಮತ್ತ ಅವರೂ ನಿಮ್ಮ ಡಬ್ಬಿ ಬರೇದ ಕಳಸಾವರಲ್ಲ.”